ಕುಡಿಯುವ ನೀರಿನಲ್ಲಿ ಔಷಧದ ಲವಲೇಶ: ತುಂಗೆಯ ಮೇಲ್ದಂಡೆಯ ವರ್ತಕರು ಅರಿಯಬೇಕಾದ ಲೆಕ್ಕ

ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ತುಂಗಾ ನದಿಯ ಮಗ್ಗುಲಲ್ಲಿಯೇ ನೆಮ್ಮಾರ್ ಗ್ರಾಮವಿದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಇಲ್ಲಿಗೆ ತಲುಪುವವರೆಗೆ ಯಾವ ಪಟ್ಟಣವನ್ನೂ ಹಾದು ಬಂದಿರುವುದಿಲ್ಲ. ಕಾಡಿನ ಹಳ್ಳಗಳ ನೀರು, ತೋಟಗಳ ಬಸಿನೀರು, ಅಲ್ಲೊಂದು ಇಲ್ಲೊಂದು ಮನೆಯ ಬಚ್ಚಲ ನೀರು, ಇಷ್ಟೇ ಆಕೆಯನ್ನು ಸೇರಿರುತ್ತದೆ. ಮುಂದೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಗಳನ್ನು ದಾಟಿ, ಗಾಜನೂರಿನ ಅಣೆಕಟ್ಟೆಯಲ್ಲಿ ತಂಗಿ, ಶಿವಮೊಗ್ಗದ ನಲ್ಲಿಗಳಿಗೆ ನೀರಾಗುವ ಹೊತ್ತಿಗೆ ನದಿಯ ಕಥೆ ಬೇರೆಯೇ ಆಗಿರುತ್ತದೆ. ಅತ್ತ ನರಸಿಂಹರಾಜಪುರದ ಸೀಮೆ ಭದ್ರೆಯದು. ಬಾಳೆಹೊನ್ನೂರಿನ ಮೂಲಕ ಬರುವ ಆ ನದಿ ಲಕ್ಕವಳ್ಳಿಯ ಜಲಾಶಯದ ಹಿನ್ನೀರಾಗಿ ಹರಡಿಕೊಂಡಿದೆ. ಎರಡೂ ಕೂಡಲಿಯಲ್ಲಿ ಸಂಗಮಿಸಿ ಬಯಲುಸೀಮೆಗೆ ಇಳಿಯುತ್ತವೆ.

ಮಲೆನಾಡಿನ ನೀರು ಶುದ್ಧವೆಂಬ ನಂಬಿಕೆ ಈ ಮೂರು ತಾಲ್ಲೂಕುಗಳಲ್ಲಿ ಬರಿಯ ಅಭಿಮಾನದ ಮಾತಲ್ಲ, ವ್ಯಾಪಾರದ ಬಂಡವಾಳವೂ ಹೌದು. ಯಾತ್ರಿಕರನ್ನು ನೆಚ್ಚಿದ ಹೋಟೆಲು, ವಸತಿಗೃಹ, ಹೋಂಸ್ಟೇಗಳಿಂದ ಹಿಡಿದು ಹಪ್ಪಳ, ಉಪ್ಪಿನಕಾಯಿಯ ಗೃಹೋದ್ಯಮದವರೆಗೆ ಎಲ್ಲರೂ ಅದರ ಮೇಲೆ ನಿಂತಿದ್ದಾರೆ. ನಲ್ಲಿಯ ನೀರಿನಲ್ಲಿ ಔಷಧಗಳ ಅಂಶವಿದೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುವಾಗ, ಅದರಲ್ಲಿ ಹೆದರಬೇಕಾದುದು ಎಷ್ಟು, ಹೆದರಬೇಕಾಗಿಲ್ಲದುದು ಎಷ್ಟು ಎಂಬುದನ್ನು ವರ್ತಕ ಸಮುದಾಯ ಅರಿತಿರುವುದು ಅವಶ್ಯ.

ಸುದ್ದಿ ಎಲ್ಲಿಂದ ಬಂತು

ಮನುಷ್ಯ ನುಂಗಿದ ಮಾತ್ರೆಯೆಲ್ಲ ದೇಹದಲ್ಲಿ ಕರಗಿ ಮಾಯವಾಗುವುದಿಲ್ಲ. ಮಧುಮೇಹಿಗಳು ನಿತ್ಯ ಸೇವಿಸುವ ಮೆಟ್‌ಫಾರ್ಮಿನ್ ರಾಸಾಯನಿಕವಾಗಿ ಬದಲಾಗದೆ ಮೂತ್ರದ ಮೂಲಕ ಹೊರಬೀಳುತ್ತದೆ. ರಕ್ತದೊತ್ತಡದ ಅಟೆನೊಲಾಲ್ ಕೂಡ ಬಹುಮಟ್ಟಿಗೆ ಹಾಗೆಯೇ. ಶೌಚದ ನೀರು ಇಂಗುಗುಂಡಿಗೋ ಚರಂಡಿಗೋ ಸೇರಿ, ಅಲ್ಲಿಂದ ಬಾವಿ ಅಥವಾ ಹೊಳೆಗೆ ದಾರಿ ಹುಡುಕಿಕೊಳ್ಳುತ್ತದೆ. ಇದು ದಶಕಗಳಿಂದ ನಡೆದಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ಅಷ್ಟು ಸೂಕ್ಷ್ಮವಾಗಿ ಅಳೆಯುವ ಉಪಕರಣಗಳಿರಲಿಲ್ಲ. 1990ರ ದಶಕದ ಆರಂಭದಲ್ಲಿ ಬರ್ಲಿನ್ ನಗರದ ನಲ್ಲಿ ನೀರಿನಲ್ಲಿ ಕೊಬ್ಬಿಳಿಸುವ ಔಷಧಗಳಿಂದ ಉಳಿಯುವ ಕ್ಲೋಫಿಬ್ರಿಕ್ ಆಮ್ಲ ಪತ್ತೆಯಾಯಿತು. 2008ರಲ್ಲಿ ಅಮೆರಿಕದ ಸುದ್ದಿಸಂಸ್ಥೆಯಾದ ಅಸೋಸಿಯೇಟೆಡ್ ಪ್ರೆಸ್, ಅಲ್ಲಿನ ಕನಿಷ್ಠ 4.1 ಕೋಟಿ ಜನರ ಕುಡಿಯುವ ನೀರಿನಲ್ಲಿ ಔಷಧಗಳ ಅಂಶವಿದೆಯೆಂದು ವರದಿ ಮಾಡಿದಾಗ ವಿಷಯ ಮನೆಮಾತಾಯಿತು.

ಕನ್ನಡಿಗರಿಗೆ ಹತ್ತಿರದ ನಿದರ್ಶನ ಕಾವೇರಿಯದು. ಮದ್ರಾಸ್ ಐಐಟಿಯ ವಿಜ್ಞಾನಿಗಳು ಎರಡು ವರ್ಷಗಳ ಕಾಲ ಆ ನದಿಯ ನೀರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ, ನೋವುನಿವಾರಕಗಳಾದ ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್, ಅಟೆನೊಲಾಲ್, ಅಪಸ್ಮಾರಕ್ಕೆ ಕೊಡುವ ಕಾರ್ಬಮಾಜೆಪಿನ್, ಪ್ರತಿಜೀವಕವಾದ ಸಿಪ್ರೊಫ್ಲಾಕ್ಸಾಸಿನ್, ಕಾಫಿಯ ಕೆಫೀನ್ ಎಲ್ಲವೂ ಕಾಣಿಸಿಕೊಂಡವು. ಋತುಮಾನಕ್ಕೆ ತಕ್ಕಂತೆ ಪ್ರಮಾಣ ಏರಿಳಿಯುತ್ತದೆಂಬುದೂ ಅದರಿಂದ ತಿಳಿಯಿತು. ತುಂಗೆ ಕಾವೇರಿಯಷ್ಟು ನಗರಗಳ ಹೊರೆ ಹೊತ್ತ ನದಿಯಲ್ಲ. ಆದರೆ ಮಳೆಗಾಲದಲ್ಲಿ ಸೇತುವೆ ಮುಟ್ಟುವ ಹೊಳೆ ಏಪ್ರಿಲ್-ಮೇ ತಿಂಗಳಲ್ಲಿ ಬಂಡೆಗಳ ನಡುವೆ ಹರಿಯುವಷ್ಟಕ್ಕೆ ಇಳಿಯುತ್ತದೆ. ಶಾಲಾ ರಜೆಯ ಯಾತ್ರಿಕರ ದಟ್ಟಣೆಯೂ ಅದೇ ತಿಂಗಳುಗಳಲ್ಲಿ. ನೀರು ಕಡಿಮೆ, ಬಳಸುವವರು ಹೆಚ್ಚು ಎಂಬ ಈ ಕಾಲವೇ ಎಚ್ಚರದ ಕಾಲ.

ಪ್ರಮಾಣದ ಲೆಕ್ಕ

ಅಂಕಿಗಳಿಗೆ ಒಗ್ಗಿದ ವರ್ತಕರಿಗೆ ಇಲ್ಲಿ ಒಂದು ಲೆಕ್ಕ ಉಪಯುಕ್ತ. ಈ ಅಂಶಗಳನ್ನು ಅಳೆಯುವುದು ನ್ಯಾನೊಗ್ರಾಂನಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ. ಹತ್ತು ಸಾವಿರ ಲೀಟರಿನ ಒಂದು ಲಕ್ಷ ಟ್ಯಾಂಕರ್ ನೀರಿಗೆ ಒಂದೇ ಗ್ರಾಂ ಔಷಧ ಬೆರೆತರೆ ಲೀಟರಿಗೆ ಒಂದು ನ್ಯಾನೊಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶುದ್ಧೀಕರಿಸಿದ ಕುಡಿಯುವ ನೀರಿನಲ್ಲಿ ಔಷಧಗಳ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 50 ನ್ಯಾನೊಗ್ರಾಂಗಿಂತ ಕಡಿಮೆ. ಅದನ್ನೇ ಗರಿಷ್ಠವೆಂದು ಹಿಡಿದು, ಒಬ್ಬ ವ್ಯಕ್ತಿ ದಿನಕ್ಕೆ ಎರಡು ಲೀಟರಿನಂತೆ 70 ವರ್ಷ ಆ ನೀರನ್ನೇ ಕುಡಿದನೆನ್ನೋಣ. ಆತನ ಆಯುಷ್ಯದಲ್ಲಿ ಹೊಟ್ಟೆ ಸೇರುವ ಔಷಧ ಒಟ್ಟು ಎರಡೂವರೆ ಮಿಲಿಗ್ರಾಂ. ಜ್ವರಕ್ಕೆ ನುಂಗುವ 500 ಮಿಲಿಗ್ರಾಂನ ಒಂದು ಮಾತ್ರೆಯ ಸುಮಾರು ಇನ್ನೂರರಲ್ಲೊಂದು ಪಾಲು! ಇಂತಹ ಪ್ರಮಾಣದಿಂದ ಮನುಷ್ಯರ ಆರೋಗ್ಯಕ್ಕೆ ಗಣನೀಯ ಹಾನಿಯಾಗುವ ಸಂಭವ ತೀರಾ ಕಡಿಮೆಯೆಂದು ಆ ವರದಿ ಅಭಿಪ್ರಾಯಪಟ್ಟಿತು.

ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಬೇಕು. ಅವಧಿ ಮೀರಿದ, 500 ಮಿಲಿಗ್ರಾಂನ ಹತ್ತು ಮಾತ್ರೆಗಳ ಒಂದು ಸ್ಟ್ರಿಪ್ಪಿನಲ್ಲಿರುವುದು ಐದು ಗ್ರಾಂ ಔಷಧ. ಅದು ಹಳ್ಳದಲ್ಲಿ ಪೂರ್ತಿ ಕರಗಿದರೆ ಲೀಟರಿಗೆ 50 ನ್ಯಾನೊಗ್ರಾಂ ಮಟ್ಟಕ್ಕೆ ಮುಟ್ಟಿಸಬಲ್ಲ ನೀರು ಹತ್ತು ಕೋಟಿ ಲೀಟರು, ಅಂದರೆ ಹತ್ತು ಸಾವಿರ ಟ್ಯಾಂಕರು. ಕುಡಿಯುವವನ ಲೋಟದಲ್ಲಿ ನಗಣ್ಯವಾದುದು ಎಸೆಯುವವನ ಕೈಯಲ್ಲಿ ನಗಣ್ಯವಲ್ಲ.

ನಿಜವಾದ ಅಪಾಯದ ನೆಲೆಗಳು

ಮನುಷ್ಯನಿಗೆ ತಾಗದ ಪ್ರಮಾಣ ಇತರ ಜೀವಿಗಳಿಗೆ ತಾಗಬಹುದು. ಕೆನಡಾದಲ್ಲಿ 2001ರಿಂದ 2003ರವರೆಗೆ ಒಂದು ಸರೋವರಕ್ಕೆ ಗರ್ಭನಿರೋಧಕ ಮಾತ್ರೆಯ ಕೃತಕ ಹಾರ್ಮೋನನ್ನು ಲೀಟರಿಗೆ ಐದಾರು ನ್ಯಾನೊಗ್ರಾಂನಷ್ಟೇ ಬೆರೆಸಿ ಪರೀಕ್ಷಿಸಲಾಯಿತು. ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣಗಳು ತೋರಿ, ಅಲ್ಲಿನ ಒಂದು ಜಾತಿಯ ಸಣ್ಣ ಮೀನಿನ ಸಂತತಿ ಬಹುತೇಕ ಅಳಿದುಹೋಯಿತು. ಶಾರದಾಂಬೆಯ ಸನ್ನಿಧಿಯ ಘಟ್ಟದಲ್ಲಿ ಮೀನುಗಳನ್ನು ಭಕ್ತಿಯಿಂದ ಕಾಪಾಡಿಕೊಂಡು ಬಂದಿರುವ ಊರಿನವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಡೈಕ್ಲೊಫೆನಾಕ್ ಕೊಟ್ಟ ಜಾನುವಾರುಗಳ ಕಳೇಬರ ತಿಂದು ರಣಹದ್ದುಗಳು ಸಾಯುತ್ತಿರುವುದು 2004ರಲ್ಲಿ ಸಿದ್ಧವಾಗಿ, 2006ರಲ್ಲಿ ಭಾರತ ಅದರ ಪಶುಬಳಕೆಯನ್ನು ನಿಷೇಧಿಸಿದುದನ್ನೂ ಇಲ್ಲಿ ಸ್ಮರಿಸಬಹುದು.

ಎರಡನೆಯದು ಪ್ರತಿಜೀವಕಗಳ ಸಂಗತಿ, ಮತ್ತು ಇದೇ ಹೆಚ್ಚು ಗಂಭೀರ. ರೋಗಾಣುವನ್ನು ಕೊಲ್ಲಲಾರದಷ್ಟು ಅಲ್ಪ ಪ್ರಮಾಣದ ಪ್ರತಿಜೀವಕವೂ ಔಷಧಕ್ಕೆ ಜಗ್ಗದ ರೋಗಾಣುಗಳ ವೃದ್ಧಿಗೆ ಅನುಕೂಲ ಮಾಡಿಕೊಡುತ್ತದೆಂದು ಸ್ವೀಡನ್ನಿನ ಸಂಶೋಧಕರು 2011ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಸಂಸ್ಕರಿಸುತ್ತಿದ್ದ ಘಟಕದಿಂದ ಹೊರಬಿದ್ದ ನೀರಿನಲ್ಲಿ, 2007ರಲ್ಲಿ ಪ್ರಕಟವಾದ ಅಧ್ಯಯನದಂತೆ, ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಇದು ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಅಧಿಕ. ಸುತ್ತಲಿನ ಹಳ್ಳಿಗಳ ಬಾವಿಗಳಲ್ಲಿಯೂ ಔಷಧಗಳು ಕಂಡುಬಂದವು. ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯ ಕರಡಿನಲ್ಲಿ ಕಾರ್ಖಾನೆಗಳ ತ್ಯಾಜ್ಯನೀರಿನ ಪ್ರತಿಜೀವಕಗಳಿಗೆ ಮಿತಿ ಸೂಚಿಸಿತ್ತಾದರೂ 2021ರ ಆಗಸ್ಟ್‌ನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಉಳಿಯಲಿಲ್ಲ. ಇದು ವಿಷಾದನೀಯ. ಔಷಧ ಮತ್ತು ಪ್ರಸಾಧನ ತಯಾರಕರು ತ್ಯಾಜ್ಯನೀರಿನ ಉನ್ನತ ಸಂಸ್ಕರಣೆಯ ವೆಚ್ಚದ ಕನಿಷ್ಠ ಶೇ. 80ರಷ್ಟನ್ನು ಭರಿಸಬೇಕೆಂದು ಐರೋಪ್ಯ ಒಕ್ಕೂಟ 2024ರಲ್ಲಿ ನಿರ್ದೇಶನ ಹೊರಡಿಸಿದೆ; ಜಗತ್ತಿನ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದಕ್ಕೆ ಇದೊಂದು ಸೂಚನೆ.

ಕೊಪ್ಪ-ಶೃಂಗೇರಿ ಸೀಮೆಯಲ್ಲಿ ಪಟಾನ್‌ಚೆರುವಿನಂತಹ ಕೈಗಾರಿಕಾ ವಸಾಹತುಗಳಿಲ್ಲ. ಇಲ್ಲಿಯ ಮೂಲಗಳು ಚಿಕ್ಕವು: ಮನೆ, ವಸತಿಗೃಹ, ಚಿಕಿತ್ಸಾಲಯ, ಕೋಳಿ ಸಾಕಣೆ, ಮೆಡಿಕಲ್ ಅಂಗಡಿ. ಕೋಳಿ ಆಹಾರದ ವ್ಯಾಪಾರಿಗಳು, ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದು 2019ರಿಂದ ನಿಷಿದ್ಧವೆಂಬುದನ್ನು ಮರೆಯಬಾರದು.

ಶುದ್ಧೀಕರಣ ಯಂತ್ರಗಳ ಮಾತು

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಔಷಧದ ಅಂಶ ಹೋಗುವುದಿಲ್ಲ. ಪಟ್ಟಣಗಳ ನೀರು ಸರಬರಾಜಿನಲ್ಲಿ ರೂಢಿಯಲ್ಲಿರುವ ಪಟಿಕ, ಮರಳಿನ ಸೋಸುವಿಕೆ, ಕ್ಲೋರಿನ್ ಕ್ರಮದಲ್ಲಿ ಕೆಲವು ಔಷಧಗಳು ಕ್ಷೀಣಿಸಿದರೂ ಕಾರ್ಬಮಾಜೆಪಿನ್‌ನಂತಹವು ಜಗ್ಗುವುದಿಲ್ಲ. ಸಕ್ರಿಯ ಇದ್ದಿಲು, ಓಜೋನ್ ಮತ್ತು ಆರ್‌ಓ ಪರಿಣಾಮಕಾರಿ. ಹಾಗೆಂದು ಮಾರಾಟಗಾರರು ಹೇಳುವಂತೆ ಮಲೆನಾಡಿನ ಪ್ರತಿಯೊಂದು ಅಡುಗೆಮನೆಗೂ ಆರ್‌ಓ ಯಂತ್ರ ಬೇಕೆಂದರ್ಥವಲ್ಲ. ಲವಣಾಂಶ ಅತಿ ಕಡಿಮೆಯಿರುವ ಅಬ್ಬಿ ನೀರು, ಬಾವಿ ನೀರುಗಳನ್ನು ಆರ್‌ಓಗೆ ಹಾಕುವುದು ಹಣದ ವ್ಯಯ. ಒಳಹೋದ ನೀರಿನ ದೊಡ್ಡ ಪಾಲು ಬಚ್ಚಲಿಗೆ ಹೋಗುತ್ತದೆ. ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವೆಡೆ ಇಂತಹ ಯಂತ್ರಗಳನ್ನು ನಿರ್ಬಂಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು.

ಹೋಟೆಲು, ಹೋಂಸ್ಟೇ ನಡೆಸುವವರ ಮೊದಲ ಖರ್ಚು ರೋಗಾಣುಗಳ ಪರೀಕ್ಷೆಗೇ ಸಲ್ಲಬೇಕು. ಭಾರತೀಯ ಮಾನಕ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೊಲೈ ಕಾಣಬಾರದು. ಗುಡ್ಡದ ಕೆಳಗಿನ ಬಾವಿಗೆ ಮೇಲಿನ ಮನೆಯ ಇಂಗುಗುಂಡಿ ಸಮೀಪವಿದ್ದರೆ ಮೊದಲು ಬರುವುದು ಭೇದಿ, ಕಾಮಾಲೆ. ಔಷಧದ ಲವಲೇಶದ ಚಿಂತೆ ಅದರ ಅನಂತರದ್ದು. ಆ ಮಾನಕದ ಪಟ್ಟಿಯಲ್ಲಿ ಕೀಟನಾಶಕಗಳಿಗೆ ಮಿತಿಯಿದೆ, ಔಷಧಗಳಿಗೆ ಇಲ್ಲ. ಆದ್ದರಿಂದ ಪ್ರಯೋಗಾಲಯದ ವರದಿಯಲ್ಲಿ ನೀರು ಯೋಗ್ಯವೆಂದಿದ್ದ ಮಾತ್ರಕ್ಕೆ ಔಷಧಗಳ ಪರೀಕ್ಷೆ ನಡೆದಿದೆಯೆಂದು ಗ್ರಾಹಕರಿಗೆ ಹೇಳುವುದು ಸರಿಯಾಗದು.

ಮೆಡಿಕಲ್ ಅಂಗಡಿಯ ಹಿಂಬದಿ

ಔಷಧ ವ್ಯಾಪಾರಿಗಳಿಗೆ ನಿಯಮಗಳು ಸ್ಪಷ್ಟವಾಗಿವೆ. 1945ರ ಔಷಧ ನಿಯಮಗಳಂತೆ ಅವಧಿ ಮೀರಿದ ಸರಕನ್ನು ಮಾರುವಂತಿಲ್ಲ. ತಯಾರಕರಿಗೆ ಹಿಂತಿರುಗಿಸುವ ಕ್ರಮ ಕೈಗೊಂಡಿದ್ದರೆ ಮಾತ್ರ, ಮಾರಾಟದ ಸರಕಿನಿಂದ ಬೇರ್ಪಡಿಸಿ, ಪೆಟ್ಟಿಗೆಯ ಮೇಲೆ ‘ಮಾರಾಟಕ್ಕಲ್ಲ’ ಎಂದು ಎದ್ದು ಕಾಣುವಂತೆ ಬರೆದು ಇಟ್ಟುಕೊಳ್ಳಬಹುದು. ಚಿಕಿತ್ಸಾಲಯಗಳಿಗೆ ಅನ್ವಯಿಸುವ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇಂತಹ ಔಷಧಗಳನ್ನು ಹಳದಿ ವರ್ಗಕ್ಕೆ ಸೇರಿಸಿ, ತಯಾರಕರಿಗೆ ಮರಳಿಸಬೇಕು ಇಲ್ಲವೆ ದಹನ ಘಟಕದಲ್ಲಿ ಸುಡಬೇಕೆನ್ನುತ್ತವೆ. ಅಂಗಡಿಯ ಹಿತ್ತಿಲಲ್ಲಿ ಬೆಂಕಿಯಿಡುವುದು ದಹನ ಘಟಕವೆನಿಸದು. ತೆರಿಗೆಯ ಗೊಂದಲಕ್ಕೂ ಪರಿಹಾರವಿದೆ: 2018ರ ಅಕ್ಟೋಬರ್‌ನ ಜಿಎಸ್‌ಟಿ ಸುತ್ತೋಲೆಯಂತೆ ಅವಧಿ ಮೀರಿದ ಔಷಧವನ್ನು ಹೊಸ ಪೂರೈಕೆಯೆಂದು ಬಿಲ್ಲು ಮಾಡಿ ಅಥವಾ ಕ್ರೆಡಿಟ್ ನೋಟಿನ ಮೂಲಕ ಹಿಂತಿರುಗಿಸಬಹುದು.

ತೊಡಕು ಇರುವುದು ಸಣ್ಣ ಅಂಗಡಿಗಳಲ್ಲಿ. ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟ ಸ್ಟ್ರಿಪ್ಪನ್ನು, ಅರ್ಧ ಬಳಸಿದ ಸಿರಪ್ಪನ್ನು ಸ್ಟಾಕಿಸ್ಟರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಮನೆಗಳಲ್ಲಿ ಉಳಿದ ಔಷಧಗಳಿಗಂತೂ ಮರಳುವ ದಾರಿಯೇ ಇಲ್ಲ; ನಿದ್ರೆಮಂಪರು ಬರಿಸುವ ತೀವ್ರ ನೋವುನಿವಾರಕಗಳಂತಹ 17 ಔಷಧಗಳನ್ನು ಮಾತ್ರ, ಮಕ್ಕಳ ಕೈಗೆ ಸಿಕ್ಕರೆ ಪ್ರಾಣಾಪಾಯವಾದೀತೆಂದು, ಶೌಚಾಲಯಕ್ಕೆ ಸುರಿಯಬಹುದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ 2025ರ ಮಾರ್ಗದರ್ಶಿ ಹೇಳುತ್ತದೆ. ಆ ವಿನಾಯಿತಿಯನ್ನು ಉಳಿದೆಲ್ಲ ಮಾತ್ರೆಗಳಿಗೂ ಹಬ್ಬಿಸುವುದು ತಪ್ಪು. ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಳಿಕ್ಕೋಡಿನಲ್ಲಿ ಮನೆಗಳಿಂದ ಉಳಿಕೆ ಔಷಧಗಳನ್ನು ಸಂಗ್ರಹಿಸಿ ವೈಜ್ಞಾನಿಕವಾಗಿ ನಾಶಪಡಿಸುವ ಯೋಜನೆ ಆರಂಭಿಸಿತು. ಮೂರು ತಾಲ್ಲೂಕುಗಳ ಔಷಧ ವ್ಯಾಪಾರಿಗಳು ಒಂದಾದರೆ ಇಂತಹುದು ಇಲ್ಲಿಯೂ ಅಸಾಧ್ಯವಲ್ಲ: ಪ್ರತಿ ಅಂಗಡಿಯಲ್ಲಿ ಬೀಗವಿರುವ ಒಂದು ಡಬ್ಬ, ವರ್ಷಕ್ಕೊಮ್ಮೆ ಅವನ್ನೆಲ್ಲ ಕೂಡಿಸಿ ಅಧಿಕೃತ ದಹನ ಘಟಕಕ್ಕೆ ಕಳುಹಿಸುವ ಒಂದೇ ವಾಹನ. ಒಬ್ಬರಿಗೆ ದುಬಾರಿಯೆನಿಸುವ ಸಾಗಣೆ ಹಂಚಿಕೊಂಡಾಗ ಹಗುರಾಗುತ್ತದೆ. ಮಾರ್ಚ್ ಅಂತ್ಯದ ದಾಸ್ತಾನು ಲೆಕ್ಕದಲ್ಲಿ ಅವಧಿ ಮೀರಿದ ಸರಕು ಹೇಗೂ ಹೊರಬೀಳುವುದರಿಂದ, ಏಪ್ರಿಲಿನಲ್ಲಿ ಸಂಗ್ರಹಿಸಿ ಮೇ ತಿಂಗಳೊಳಗೆ, ಮುಂಗಾರಿನ ಮೊದಲ ಮಳೆ ಚರಂಡಿಗಳನ್ನು ಹೊಳೆಗೆ ತೊಳೆದುಕೊಂಡು ಹೋಗುವ ಮುನ್ನ, ವಾಹನ ಘಟ್ಟ ದಾಟಿರಬೇಕು.