ಟ್ರ್ಯಾಕ್ಟರಿನ ಎಣ್ಣೆ ಬದಲಿಸುವಾಗಿನ ಮೈಮರೆವು

ಹುಲಿಹೈದರದ ಸುತ್ತಣ ಮಸಾರಿ ಹೊಲಗಳಲ್ಲಿ ಹದವು ಬೇಗ ಆರುವುದು. ಆ ಅವಸರದಲ್ಲಿ ಟ್ರ್ಯಾಕ್ಟರಿನ ಎಣ್ಣೆಯನ್ನು ತಾವೇ ಬದಲಿಸುವ ಯಜಮಾನರು ಮೈಮರೆಯುವುದುಂಟು. ಹಳೆಯ ಫಿಲ್ಟರನ್ನು ಬಿಚ್ಚಿದಾಗ ಅದರ ರಬ್ಬರಿನ ಉಂಗುರವು ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದು. ಅದನ್ನು ನೋಡದೆ ಹೊಸದನ್ನು ಕೂಡಿಸಿದರೆ ಉಂಗುರಗಳೆರಡೂ ಒತ್ತಡಕ್ಕೆ ಜಾರಿ ಎಣ್ಣೆಯು ಹೊರಚೆಲ್ಲುವುದು. ಬೇರಿಂಗುಗಳು ಎಣ್ಣೆಯ ತೆಳುಪೊರೆಯ ಮೇಲೆ ತಿರುಗತಕ್ಕವು. ಅದು ತಪ್ಪಿದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ನು ಬಿಗಿದು ನಿಲ್ಲುವುದು, ಬಿತ್ತನೆಯೂ ಅಲ್ಲಿಗೇ ನಿಲ್ಲುವುದು.

ಪರರಿಗೆ ಬುದ್ಧಿ ಹೇಳುವ ನಾನೇ ಒಮ್ಮೆ ಕೆಳಗಿನ ಬೋಲ್ಟು ಹಾಕುವುದನ್ನು ಮರೆತು ಹೊಸ ಎಣ್ಣೆಯನ್ನೆಲ್ಲ ನೆಲಕ್ಕೆ ಕುಡಿಸಿದ್ದೇನೆ. ಎಂಜಿನ್ನು ನಡೆಸಿರಲಿಲ್ಲವಾಗಿ ಎಣ್ಣೆಯಷ್ಟೇ ಹೋಯಿತು. ಅಂದಿನಿಂದ ಬಿಚ್ಚಿದ ಬೋಲ್ಟನ್ನೂ ಕೀಲಿಕೈಯನ್ನೂ ಒಂದೇ ಬಟ್ಟಲಿನಲ್ಲಿಡುವೆನು. ಎಣ್ಣೆ ತುಂಬಿ, ಅಳತೆಯ ಕಡ್ಡಿಯಿಂದ ಮಟ್ಟ ನೋಡಿದ ಮೇಲೆಯೇ ಕೀಲಿಕೈ ಮುಟ್ಟತಕ್ಕದ್ದು. ಎಂಜಿನ್ನು ನಡೆದ ಬಳಿಕವೂ ಎಣ್ಣೆಯ ದೀಪವು ಆರದಿದ್ದರೆ ಕೂಡಲೇ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿರಿ.