ನೀರಿನೊಳಗಿನ ವ್ಯಾಯಾಮ ಮತ್ತು ನಾಡಿಯ ಲೆಕ್ಕ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಜನರಿಗೆ ನೀರಿನಲ್ಲಿ ನಿಂತು ವ್ಯಾಯಾಮ ಮಾಡಿರೆಂದು ಹೇಳಹೊರಟರೆ ನಗೆಪಾಟಲಾದೀತು. ಕುಡಿಯುವ ನೀರಿಗೇ ತತ್ವಾರವಿರುವ ನಾಡಿದು. ಜಯಮಂಗಲಿಯಲ್ಲಿ ವರ್ಷದ ಬಹುಕಾಲ ಕಾಣುವುದು ಮರಳೇ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಇಲ್ಲಿಯ, ಅದರಲ್ಲಿಯೂ ಪಾವಗಡದ ಕಡೆಯ, ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂತಹ ನೀರನ್ನು ಬಹುಕಾಲ ಕುಡಿದವರ ಹಲ್ಲು ಕಂದುವುದು, ಕೀಲುಗಳು ಬಿಗಿಯುವುದು ನಮಗೆ ಹೊಸತಲ್ಲ. ಕುಡಿದ ನೀರಿನಿಂದ ಕೆಟ್ಟ ಎಲುಬನ್ನು ನೀರಿನಲ್ಲಿ ನಡೆದು ಸರಿಪಡಿಸಲಾಗದು, ನಿಜ. ಆದರೆ ಎದೆಯುದ್ದದ ನೀರಿನಲ್ಲಿ ಕಾಲುಗಳ ಮೇಲೆ ಬೀಳುವುದು ಮೈತೂಕದ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಮಂಡಿನೋವಿನಿಂದ ನೆಲದ ಮೇಲೆ ನಾಲ್ಕು ಹೆಜ್ಜೆ ಇಡಲಾರದವರೂ ಅಲ್ಲಿ ಅರ್ಧ ಗಂಟೆ ನಡೆಯಬಲ್ಲರು. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈಜುಕೊಳಗಳು ದೂರವೇನಲ್ಲ; ತಂದೆತಾಯಿಗಳನ್ನು ಅಲ್ಲಿಗೆ ಕರೆದೊಯ್ಯುವ ಮುನ್ನ ಒಂದು ಸಂಗತಿಯನ್ನು ಅವರು ತಿಳಿದಿರಬೇಕು.

ನೆಲದ ಮೇಲಿನ ವ್ಯಾಯಾಮಕ್ಕೆ ರೂಢಿಯಲ್ಲಿರುವ ಲೆಕ್ಕ ಸುಲಭ. 220ರಿಂದ ವಯಸ್ಸನ್ನು ಕಳೆದರೆ ನಾಡಿಯ ಗರಿಷ್ಠ ಬಡಿತದ ಅಂದಾಜು ದೊರೆಯುತ್ತದೆ. ಅರುವತ್ತು ವರ್ಷದವರಿಗೆ ಅದು ನಿಮಿಷಕ್ಕೆ 160. ಇದರಲ್ಲಿ ನೂರಕ್ಕೆ 64ರಿಂದ 76ರಷ್ಟು, ಎಂದರೆ ಸುಮಾರು 102ರಿಂದ 122, ಮಧ್ಯಮ ಶ್ರಮದ ಗುರುತು. ಇದೇ ಲೆಕ್ಕವನ್ನು ನೀರಿಗೆ ಒಯ್ದರೆ ಮೋಸಹೋಗುತ್ತೇವೆ. ಎದೆಯವರೆಗೆ ಮುಳುಗಿದಾಗ ನೀರಿನ ಒತ್ತಡವು ಕಾಲು ಹೊಟ್ಟೆಗಳ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ. ಕುತ್ತಿಗೆಯವರೆಗೆ ಮುಳುಗಿದರೆ ಹೀಗೆ ಮೇಲೇರುವ ರಕ್ತ ಸುಮಾರು 700 ಮಿಲಿಲೀಟರ್. ಹೃದಯ ಹೆಚ್ಚು ತುಂಬಿಕೊಂಡು ಬಡಿತಕ್ಕೊಮ್ಮೆ ಹೆಚ್ಚು ರಕ್ತವನ್ನು ನೂಕುವುದರಿಂದ ಕಡಿಮೆ ಬಡಿತಗಳೇ ಸಾಕಾಗುತ್ತವೆ. ಹೀಗಾಗಿ ಅಷ್ಟೇ ಶ್ರಮಕ್ಕೆ ನಾಡಿ ಸಾಮಾನ್ಯವಾಗಿ ಹತ್ತು ಹದಿನೈದು ಬಡಿತ ಕೆಳಗಿರುತ್ತದೆ. ಇದನ್ನರಿಯದೆ 120ನ್ನು ಮುಟ್ಟಲೇಬೇಕೆಂದು ಹಟತೊಟ್ಟ ವೃದ್ಧರು ನೆಲದ ಮೇಲಿನ 130ಕ್ಕೂ ಮೀರಿದ ದುಡಿಮೆಯನ್ನು ಹೃದಯದ ಮೇಲೆ ಹೇರಿದಂತಾಗುತ್ತದೆ.

ಕಳೆಯಬೇಕಾದ ಅಂಕಿ ಎಲ್ಲರಿಗೂ ಒಂದೇ ಅಲ್ಲ. ಸೊಂಟದುದ್ದದ ನೀರಿನಲ್ಲಿ ವ್ಯತ್ಯಾಸ ಅಲ್ಪ. ನೀರು ತಣ್ಣಗಿದ್ದಷ್ಟೂ ಬಡಿತ ಇಳಿಯುತ್ತದೆ, ಬೆಚ್ಚಗಿದ್ದರೆ ಏರುತ್ತದೆ. ಆದುದರಿಂದ ತಮ್ಮ ಅಂಕಿಯನ್ನು ತಾವೇ ಕಂಡುಕೊಳ್ಳುವುದು ಲೇಸು. ದಡದಲ್ಲಿ ಸುಮ್ಮನೆ ನಿಂತು ನಾಡಿಯನ್ನು ಎಣಿಸಬೇಕು. ಎದೆಯುದ್ದದ ನೀರಿನಲ್ಲಿ ಮೂರು ನಿಮಿಷ ಅಲುಗದೆ ನಿಂತು ಮತ್ತೆ ಎಣಿಸಬೇಕು. ಆ ಎರಡರ ಅಂತರವನ್ನು ನೆಲದ ಲೆಕ್ಕದಿಂದ ಕಳೆದರಾಯಿತು. ವ್ಯಾಯಾಮದ ನಡುವೆ ಎಣಿಸುವಾಗ ಹತ್ತು ಸೆಕೆಂಡು ಎಣಿಸಿ ಆರರಿಂದ ಗುಣಿಸಬೇಕು. ಪೂರ್ತಿ ನಿಮಿಷ ಕಾದರೆ ಅಷ್ಟರಲ್ಲಿ ಬಡಿತ ಇಳಿದಿರುತ್ತದೆ.

ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆಗಳನ್ನು ನುಂಗುವವರಿಗೆ ಈ ಎಣಿಕೆಯೇ ನಿಷ್ಪ್ರಯೋಜಕ. ಔಷಧಿಯೇ ನಾಡಿಯನ್ನು ಹಿಡಿದಿಟ್ಟಿರುತ್ತದೆ. ಇಂತಹವರಿಗೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ ಒದಗುತ್ತದೆ. ಅದರಲ್ಲಿ 6 ಎಂದರೆ ಶ್ರಮವೇ ಇಲ್ಲ, 20 ಎಂದರೆ ಇನ್ನಾಗದು. ತಮ್ಮ ಶ್ರಮ 12 ಅಥವಾ 13 ಎಂದು ತಮಗೇ ಅನ್ನಿಸಿದರೆ ಅದು ಮಧ್ಯಮ. ಅಂಕಿಗಳ ಗೊಡವೆ ಬೇಡವೆನ್ನುವವರು ಮಗ್ಗಿಯನ್ನು ಒಪ್ಪಿಸಿ ನೋಡಲಿ: ಒಪ್ಪಿಸಲು ಉಸಿರು ಸಾಲಬೇಕು, ಅದನ್ನೇ ರಾಗವಾಗಿ ಹಾಡಲು ಸಾಲಬಾರದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದದ್ದು ಇದೇ.

ಶ್ರಮವನ್ನು ಹೆಚ್ಚಿಸುವಾಗಲೂ ಎಚ್ಚರ ಬೇಕು. ನೀರಿನ ಸಾಂದ್ರತೆ ಗಾಳಿಯದರ ಸುಮಾರು 800 ಪಟ್ಟು. ನೀರೊಡ್ಡುವ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಕೈಬೀಸನ್ನು ಇಮ್ಮಡಿಗೊಳಿಸಿದರೆ ತಡೆ ನಾಲ್ಮಡಿಯಾಗುತ್ತದೆ. ಭೌತವಿಜ್ಞಾನದ ಉಪಾಧ್ಯಾಯರಿಗೆ ತರಗತಿಯ ಒಳ್ಳೆಯ ಉದಾಹರಣೆಯಿದು. ವೃದ್ಧರಿಗೆ ಮಾತ್ರ ವೇಗವನ್ನು ತುಸುತುಸುವೇ ಏರಿಸಬೇಕೆಂಬ ಎಚ್ಚರಿಕೆ. ಊರಿನ ಬಾವಿ ಕೆರೆಗಳು ಇದಕ್ಕೆ ಸಲ್ಲವು. ಹೂಳಿನಡಿಯ ಗುಂಡಿ ಯಾರ ಕಣ್ಣಿಗೂ ಕಾಣುವುದಿಲ್ಲ.

ಮುಗಿಸಿ ಮೇಲೇರುವಾಗ ನೀರಿನ ಒತ್ತಡ ತಪ್ಪಿ ರಕ್ತವು ಒಮ್ಮೆಗೇ ಕಾಲಿಗಿಳಿಯುವುದರಿಂದ ತಲೆ ಸುತ್ತಬಹುದು. ಸೊಂಟದುದ್ದದ ನೀರಿಗೆ ಬಂದು ಒಂದೆರಡು ನಿಮಿಷ ನಿಂತು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಬೇಕು. ಜೊತೆಗೆ ಬಂದವರು ದಡದಲ್ಲಿ ಕೈ ನೀಡಲು ಸಿದ್ಧರಿರಬೇಕು.