ಅಂಗುಲದ ರಾವುತರು

ನವರಾತ್ರಿ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಲವು ಮನೆಗಳಲ್ಲಿ ಅಟ್ಟದ ಮೇಲಿನ ಬೊಂಬೆ ಪೆಟ್ಟಿಗೆ ಕೆಳಗಿಳಿಯುತ್ತದೆ. ಪಟ್ಟದ ಬೊಂಬೆಗಳಿಗೆ ಮೇಲಿನ ಮೆಟ್ಟಿಲು, ಶೆಟ್ಟರ ಅಂಗಡಿಗೆ ಕೆಳಗಿನ ಮೆಟ್ಟಿಲು. ನಡುವೆ ಜಂಬೂಸವಾರಿಯ ಸಾಲು: ಆನೆ, ಒಂಟೆ, ಕುದುರೆಯ ಮೇಲೆ ಕುಳಿತ ರಾವುತರು. ಬಣ್ಣ ಹಾರಿಹೋದ ಒಬ್ಬ ರಾವುತನನ್ನು ಕೈಗೆತ್ತಿಕೊಂಡು ‘ಇವನ ಅಂಗಿ ಯಾವ ಬಣ್ಣದ್ದಿತ್ತು?’ ಎಂದು ಮನೆಯ ಹುಡುಗ ಕೇಳಿದರೆ ಹಿರಿಯರು ತಬ್ಬಿಬ್ಬಾಗುವುದು ಸಹಜ. ಬೊಂಬೆ ಮಾಡಿದ ಚಿತ್ರಗಾರ ತನಗೆ ಚೆಂದ ಕಂಡ ಬಣ್ಣ ಬಳಿದಿರುತ್ತಾನೆ. ಕೊಪ್ಪಳದ ಕಿನ್ನಾಳದಲ್ಲಾಗಲಿ, ಚನ್ನಪಟ್ಟಣದಲ್ಲಾಗಲಿ ಬೊಂಬೆಯ ಬಣ್ಣಕ್ಕೆ ಸಂಪ್ರದಾಯವೇ ಆಧಾರ. ದಾಖಲೆ ಯಾರೂ ಕೇಳುವುದಿಲ್ಲ.

ಆದರೆ ದಾಖಲೆ ಕೇಳುವ ಬೊಂಬೆಯಾಟವೊಂದು ಯೂರೋಪಿನಲ್ಲಿ ಬೆಳೆದಿದೆ. ನೆಪೋಲಿಯನ್ ಕಾಲದ ಅಶ್ವದಳಗಳನ್ನು ಅಂಗುಲದೆತ್ತರದ ಬೊಂಬೆಗಳಾಗಿ ಎರಕ ಹೊಯ್ದು, ಒಂದೊಂದಕ್ಕೂ ಆಯಾ ರೆಜಿಮೆಂಟಿನ ಸಮವಸ್ತ್ರದ ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧ ಆಡುವ ಹವ್ಯಾಸವದು. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ತನ್ನ ದೊರೆಗೆ ಇಂಥದೊಂದು ಯುದ್ಧದಾಟವನ್ನು ಒಪ್ಪಿಸಿದ. 1824ರಲ್ಲಿ ಅವನ ಮಗ ಅದನ್ನು ತಿದ್ದಿ ಸೇನಾಧಿಕಾರಿಗಳ ತರಬೇತಿಗೆ ಒದಗಿಸಿದ. ಮನೆಯ ನೆಲದ ಮೇಲೆ ಆಡುವ ಆಟವಾಗಿ ಇದಕ್ಕೆ ನಿಯಮ ಬರೆದು 1913ರಲ್ಲಿ ಪುಸ್ತಕ ತಂದವನು ವೈಜ್ಞಾನಿಕ ಕಥೆಗಳಿಗೆ ಹೆಸರಾದ ಎಚ್.ಜಿ. ವೆಲ್ಸ್! ಇಂಥ ಆಟಗಳಲ್ಲಿ ನಡೆಯನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ, ಕಾದಾಟದ ಫಲವನ್ನು ದಾಳ ಉರುಳಿಸಿ ತಿಳಿಯುತ್ತಾರೆ. ಕುದುರೆಗೆ ಕಾಲಾಳಿಗಿಂತ ಉದ್ದದ ನಡೆ. ಆದರೆ ಕಾಲಾಳುಗಳು ಬಂದೂಕಿನ ತುದಿಗೆ ಚೂರಿ ಸಿಕ್ಕಿಸಿ ಚೌಕ ಕಟ್ಟಿ ನಿಂತರೆಂದರೆ ಕುದುರೆಯ ಆಟ ನಡೆಯದು. ವಾಟರ್‌ಲೂ ಕಾಳಗದಲ್ಲಿ ಫ್ರೆಂಚ್ ಅಶ್ವದಳಕ್ಕೆ ಆದದ್ದೂ ಅದೇ.

ಕಣ್ಣಿಗೆ ಕಾಣುವಷ್ಟೇ ಬಣ್ಣ

ಬಳಕೆಯಲ್ಲಿರುವ ಒಂದು ಪ್ರಮಾಣ 1:72. ಅಂದರೆ 168 ಸೆಂ.ಮೀ. ಎತ್ತರದ ಆಳು ಮೇಜಿನ ಮೇಲೆ ಸುಮಾರು 23 ಮಿ.ಮೀ. ಆಗುತ್ತಾನೆ. ಹೆಗಲಿನವರೆಗೆ 152 ಸೆಂ.ಮೀ. ಇರುವ ಕುದುರೆ 21 ಮಿ.ಮೀ. ಆಗುತ್ತದೆ. ಇಷ್ಟು ಚಿಕ್ಕ ಮುಖದಲ್ಲಿ ಕಣ್ಣು, ಹುಬ್ಬು ಬಿಡಿಸಬೇಕೇ? ಹೊಸಬರು ಹಟ ಹಿಡಿದು ಬಿಡಿಸುತ್ತಾರೆ. ರಾವುತ ಕಣ್ಣು ಕೆಕ್ಕರಿಸಿ ನೋಡುವ ರಾಕ್ಷಸನಂತಾಗುತ್ತಾನೆ.

ಪ್ರೌಢಶಾಲೆಯ ಗಣಿತವೇ ಇದಕ್ಕೆ ಉತ್ತರ ಕೊಡುತ್ತದೆ. ಬೊಂಬೆಯನ್ನು 60 ಸೆಂ.ಮೀ. ದೂರದಿಂದ ನೋಡುವುದೆಂದರೆ ನಿಜವಾದ ರಾವುತನನ್ನು ಅದರ 72ರಷ್ಟು, ಅಂದರೆ ಸುಮಾರು 43 ಮೀಟರ್ ದೂರದಿಂದ ನೋಡಿದಂತೆ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ಕಾಣಬಲ್ಲ ಕನಿಷ್ಠ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 43 ಮೀಟರ್ ದೂರದಲ್ಲಿ ಆ ಕೋನಕ್ಕೆ ಸಿಕ್ಕುವ ಅಂತರ ಹೆಚ್ಚು ಕಡಿಮೆ 12 ಮಿ.ಮೀ. ಕಣ್ಣಿನ ಕರಿಗುಡ್ಡೆಯ ಅಗಲವೂ ಸುಮಾರು ಅಷ್ಟೇ! ಆದ್ದರಿಂದ ಆ ದೂರದಲ್ಲಿ ಕಾಣುವುದು ಹುಬ್ಬಿನ ಕೆಳಗಿನ ಒಂದು ನೆರಳು ಮಾತ್ರ. ನುರಿತ ಕೈ ಅಲ್ಲಿ ಕಂದು ಬಣ್ಣದ ಗೆರೆಯೊಂದನ್ನು ಎಳೆದು ಸುಮ್ಮನಾಗುತ್ತದೆ. ಶಾಲೆಯ ಮೈದಾನದಲ್ಲಿ ಗೆಳೆಯನನ್ನು 43 ಮೀಟರ್ ಆಚೆ ನಿಲ್ಲಿಸಿ ಅವನ ಅಂಗಿಯ ಗುಂಡಿ ಎಣಿಸಲು ಯತ್ನಿಸಿದರೆ ವಿಷಯ ಇನ್ನೂ ಚೆನ್ನಾಗಿ ಮನದಟ್ಟಾದೀತು.

ನೆರಳಿನದೂ ಇದೇ ಕಥೆ. ಬಯಲಿನಲ್ಲಿ ಬಿಸಿಲು ಒಂದೇ ದಿಕ್ಕಿನಿಂದ ಬೀಳುವುದರಿಂದ ಬಟ್ಟೆಯ ಮಡಿಕೆಗಳಲ್ಲಿ ಗಾಢ ನೆರಳು. ಕೋಣೆಯ ಬೆಳಕು ಗೋಡೆ, ಸೂರುಗಳಿಂದ ಚದುರಿ ಬರುವುದರಿಂದ ಬೊಂಬೆಗೆ ಆ ನೆರಳಿಲ್ಲ. ಅದನ್ನು ಬಣ್ಣದಲ್ಲೇ ತುಂಬಬೇಕು. ಮೊದಲು ಬೊಂಬೆಗೆ ಪ್ರೈಮರ್, ಮೇಲೆ ಮೂಲಬಣ್ಣ. ಅದು ಒಣಗಿದ ಮೇಲೆ ನೀರಿನಷ್ಟು ತೆಳುವಾದ ಕಪ್ಪುಗಂದು ಬಣ್ಣ ಸವರಿದರೆ ಅದು ತಾನಾಗಿ ಸಂದುಗೊಂದುಗಳಿಗೆ ಹರಿದು ನಿಲ್ಲುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವ ಲೋಮನಾಳ ಕ್ರಿಯೆ, ಮೇಲ್ಮೈ ಎಳೆತ ಇವೇ ಇಲ್ಲೂ ದುಡಿಯುವುದು. ಕೊನೆಗೆ ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಪಸೆಯಲ್ಲೇ ಉಬ್ಬುಗಳನ್ನು ಮೆಲ್ಲಗೆ ಸವರಿದರೆ ಬಿಸಿಲು ಬಿದ್ದಂತಾಗುತ್ತದೆ.

ಕುದುರೆಯ ವಿಷಯದಲ್ಲಿ ಎಡವುವವರೇ ಹೆಚ್ಚು. ಕಂದು ಕುದುರೆಗಳಲ್ಲಿ ಒಂದು ಬಗೆಗೆ ಜೂಲು, ಬಾಲ, ಕಾಲಿನ ಕೆಳಭಾಗ ಕಪ್ಪು. ಇನ್ನೊಂದಕ್ಕೆ ಜೂಲೂ ಮೈಬಣ್ಣದ್ದೇ. ಬಿಳಿ ಕುದುರೆಯ ಕೂದಲು ಬಿಳಿಯಾದರೂ ಚರ್ಮ ಸಾಮಾನ್ಯವಾಗಿ ಕಪ್ಪು; ಅದಕ್ಕೇ ಮೂತಿ ಬೂದು. ಇನ್ನು ಕಹಳೆಯವನು! ಅವನಿಗೆ ಎಷ್ಟೋ ದಳಗಳಲ್ಲಿ ಬಿಳಿ ಕುದುರೆ, ಮಿಕ್ಕವರಿಗಿಂತ ಬೇರೆ ಬಣ್ಣದ ಉಡುಪು. ಮದ್ದಿನ ಹೊಗೆ ಕವಿದಾಗಲೂ ನಾಯಕನ ಕಣ್ಣಿಗೆ ಅವನು ತಟ್ಟನೆ ಬೀಳಬೇಕು. ಆಜ್ಞೆ ಹರಡುವುದು ಅವನ ಕಹಳೆಯಿಂದಲೇ ತಾನೆ?

ತಂದೆ ತಾಯಿಯರು ಕಿವಿಗೊಡಬೇಕಾದ ಮಾತೊಂದಿದೆ. ಹಳೆಯ ಎರಕದ ಬೊಂಬೆಗಳಲ್ಲಿ ಸೀಸ ಬೆರೆತಿರುತ್ತದೆ. ಅವನ್ನು ಉಜ್ಜಿದಾಗ ಏಳುವ ಪುಡಿ ಮಕ್ಕಳ ಮಿದುಳಿಗೆ ವಿಷ. ಹೊಸ ಕೈಗಳಿಗೆ ಪ್ಲಾಸ್ಟಿಕ್ ಬೊಂಬೆಯೇ ಲೇಸು. ಕುಂಚವನ್ನು ತುಟಿಯಲ್ಲಿಟ್ಟು ಚೂಪು ಮಾಡುವ ಚಾಳಿಯಂತೂ ಸಲ್ಲದು. ಅಮೆರಿಕದಲ್ಲಿ ಗಡಿಯಾರದ ಅಂಕಿಗಳಿಗೆ ಹೊಳೆಯುವ ರೇಡಿಯಂ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಹೀಗೆ ಮಾಡಿಯೇ 1920ರ ದಶಕದಲ್ಲಿ ದವಡೆಯ ಎಲುಬು ಕೊಳೆತು ಪ್ರಾಣ ತೆತ್ತರು.

ನಮ್ಮ ರಾವುತರೆಲ್ಲಿ?

ನೆಪೋಲಿಯನ್ನನ ಕುದುರೆಗೂ ಕಲ್ಪತರು ನಾಡಿಗೂ ಏನು ನಂಟು ಎಂದು ಕೇಳಬಹುದು. ನಂಟು ಬಹಳ ದೂರದ್ದಲ್ಲ. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪು ಸುಲ್ತಾನನಿಗೆ ಬರೆದ ಕಾಗದ ದಾರಿಯಲ್ಲೇ ಬ್ರಿಟಿಷರ ಕೈಸೇರಿತು. ಆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಆಗ ಅಲ್ಲಿ ಕರ್ನಲ್ ಆಗಿದ್ದ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಅವನು ಕುದುರೆ ದಾಳಿಯ ಮುಂದಾಳಾಗಿ ನುಗ್ಗಿದ್ದು ಕನ್ನಡ ನೆಲದಲ್ಲಿ: 1800ರ ಸೆಪ್ಟೆಂಬರ್ 10ರಂದು, ರಾಯಚೂರು ಸೀಮೆಯ ಕೋನಗಲ್ ಬಳಿ, ಚನ್ನಗಿರಿಯ ಧೋಂಡಿಯ ವಾಘನ ಮೇಲೆ. ಧೋಂಡಿಯನ ಕಡೆ ಸುಮಾರು ಐದು ಸಾವಿರ ಕುದುರೆ. ಇತ್ತ ನಾಲ್ಕೇ ರೆಜಿಮೆಂಟು. ಪಕ್ಕದಿಂದ ಸುತ್ತುವರಿಯದಂತೆ ವೆಲ್ಲೆಸ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನುಗ್ಗಿಸಿದ. ಹಿಂದೆ ಮೀಸಲು ದಳವೇ ಇಲ್ಲ! ಧೋಂಡಿಯ ಅಲ್ಲೇ ಬಿದ್ದ. ಮೇಜಿನ ಮೇಲೆ ಆಡಿ ನೋಡಲು ಇದಕ್ಕಿಂತ ಒಳ್ಳೆಯ ಕಾಳಗ ಬೇಕೇ?

ಕುದುರೆಯ ಗೊರಸು ಇನ್ನೂ ಹತ್ತಿರಕ್ಕೂ ಬಂದಿತ್ತು. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ, 1791ರ ಸುಮಾರಿಗೆ, ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಹೊರಟ ಮರಾಠ ಸರದಾರ ಪರಶುರಾಮ ಭಾವು ಚಿಕ್ಕನಾಯಕನಹಳ್ಳಿಯನ್ನು ಲೂಟಿ ಮಾಡಿಸಿದ.

ಈ ರಾವುತರಿಗೆ ಯಾವ ಬಣ್ಣ? ಫ್ರೆಂಚ್ ಡ್ರಗೂನ್ ಆದರೆ ಹಸಿರು ಕೋಟು ಎಂದು ಕಣ್ಣುಮುಚ್ಚಿ ಹೇಳಬಹುದು. ಮುದ್ರಿತ ಚಿತ್ರಪಟಗಳೇ ಸಿಗುತ್ತವೆ. ನಮ್ಮ ಕಡೆ ಅದಿಲ್ಲ. ಮರಾಠರಲ್ಲೂ ಮೈಸೂರಿನಲ್ಲೂ ಸಿಲ್ಲೇದಾರ ಎಂಬಾತ ತನ್ನದೇ ಕುದುರೆ, ತನ್ನದೇ ಆಯುಧ ತರುತ್ತಿದ್ದ. ಬಾರ್ಗೀರನಿಗೆ ಮಾತ್ರ ಕುದುರೆ ಒಡೆಯನದು. ಸ್ವಂತ ಕುದುರೆ, ಸ್ವಂತ ಬಟ್ಟೆ ಎಂದಮೇಲೆ ಸಮವಸ್ತ್ರವೆಲ್ಲಿ? ಹತ್ತು ಫ್ರೆಂಚರನ್ನು ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಮ್ಮೆಲೇ ಹಸಿರು ಬಳಿಯಬಹುದು. ಹತ್ತು ಸಿಲ್ಲೇದಾರರಿಗೆ ಹತ್ತು ರುಮಾಲು, ಹತ್ತು ಬಗೆಯ ಜೀನು ಯೋಚಿಸಬೇಕು.

ಆಧಾರ ಹುಡುಕುವವರು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. ಶಾಲಾ ಪ್ರವಾಸದಲ್ಲಿ ಮಕ್ಕಳು ಓಡುತ್ತ ದಾಟುವ ಪಡುಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಸಾಲು ಸಾಲು ಕುದುರೆ ಸವಾರರು. ಆದರೆ ಅದನ್ನೂ ಹಾಗೇ ನಂಬುವಂತಿಲ್ಲ. 1799ರ ಮುತ್ತಿಗೆಗೆ ಮುಂಚೆ ಅಳಿಸಿದ್ದ ಚಿತ್ರವನ್ನು ಅಲ್ಲಿ ವಾಸವಿದ್ದ ವೆಲ್ಲೆಸ್ಲಿ ಮತ್ತೆ ಬರೆಸಿದ. ಡಾಲ್‌ಹೌಸಿಯ ಕಾಲದಲ್ಲಿ ಇನ್ನೊಮ್ಮೆ ಬರೆದರು. ಎಲ್ಲಿ ಮೊದಲ ಬಣ್ಣ, ಎಲ್ಲಿ ಮೇಲೆ ಹಚ್ಚಿದ್ದು ಎಂದು ವಿಚಾರಿಸುತ್ತಲೇ ಕುಂಚ ಹಿಡಿಯಬೇಕಾದೀತು. ಪರೀಕ್ಷೆಯ ಓದಿಗೆ ಇದರಿಂದ ಭಂಗ ಬರುತ್ತದೆ ಎನ್ನುವ ಮನೆಗಳಲ್ಲೂ ರಜೆಯ ದಿನಗಳಿಗೆ ಈ ಕೆಲಸ ಒಪ್ಪೀತು.

ಬಣ್ಣ ಕಲಸಲು ಕರಟ ಸಾಕು. ಬೊಂಬೆಯ ಬುಡಕ್ಕೆ ಅಂಟು ಬಳಿದು ತೆಂಗಿನ ನಾರಿನ ಹುಡಿ ಉದುರಿಸಿದರೆ ಕೆಂಗಂದು ನೆಲ ಸಿದ್ಧ. ಚಿಕ್ಕನಾಯಕನಹಳ್ಳಿಯ ಮೇಜಿಗೆ ತೆಂಗಿನ ತೋಟವನ್ನೂ ನಿಲ್ಲಿಸಬಹುದು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೆಂಗಿನ ತೋಟಗಳ ಬಗ್ಗೆ ಬರೆದಿಟ್ಟಿದ್ದಾನೆ. ಪ್ರಮಾಣ ಮಾತ್ರ ತಪ್ಪಬಾರದು: 18 ಮೀಟರ್ ಎತ್ತರದ ಮರ 1:72ರಲ್ಲಿ 25 ಸೆಂ.ಮೀ. ಆಗಬೇಕು, ಅಂದರೆ ಕುದುರೆಯ ಹೆಗಲಿಗಿಂತ ಹನ್ನೆರಡು ಪಟ್ಟು ಎತ್ತರ.